ಬೋರ್ಡೋ ಪೀಪಾಯಿಯಲ್ಲಿರುವ ವಿಜ್ಞಾನ

ಮಳೆಗಾಲ ಸಮೀಪಿಸಿದೊಡನೆ ನಮ್ಮ ಸಂಘದ ಉಗ್ರಾಣದಲ್ಲಿ ಮೈಲುತುತ್ತ ಮತ್ತು ಸುಣ್ಣಕ್ಕೆ ಬೇಡಿಕೆ ಏರುತ್ತದೆ. ಅದರ ಜೊತೆಗೇ ಸದಸ್ಯರಿಂದ ಒಂದು ಪ್ರಶ್ನೆಯೂ ಬರುತ್ತದೆ: “ಅದೇ ಮೈಲುತುತ್ತ, ಅದೇ ಸುಣ್ಣ. ಆದರೂ ಪಕ್ಕದ ತೋಟದಲ್ಲಿ ಕೊಳೆ ನಿಂತಿತು, ನಮ್ಮಲ್ಲಿ ನಿಲ್ಲಲಿಲ್ಲ. ಏಕೆ?” ಸಿಂಪಡಣೆ ತಡವಾಗಿರಬಹುದು, ಗೊನೆಗೆ ಸರಿಯಾಗಿ ತಾಗದೆ ಇರಬಹುದು. ಆದರೆ ಎಷ್ಟೋ ಸಲ ದೋಷ ಪೀಪಾಯಿಯಲ್ಲೇ ಇರುತ್ತದೆ. ಅದನ್ನು ಕಂಡುಹಿಡಿಯಲು ಪ್ರಯೋಗಶಾಲೆ ಬೇಕಾಗಿಲ್ಲ. ಮನೆಯ ಕತ್ತಿ, ಎಲೆಯಡಿಕೆ ತಟ್ಟೆಯ ಸುಣ್ಣ, ಅಡಿಗೆಮನೆಯ ಅರಿಸಿನ ಇವುಗಳನ್ನು ಸ್ವಲ್ಪ ಗಮನಿಸಿ ನೋಡಿದರೆ ಸಾಕು.

ನೀರಿನಲ್ಲಿ ಈಜುವ ಶತ್ರು

ಅಡಿಕೆಯ ಕೊಳೆರೋಗಕ್ಕೆ ಕಾರಣ ಫೈಟಾಫ್ಥೊರಾ ಎಂಬ ಸೂಕ್ಷ್ಮಜೀವಿ. ಇದರ ಬೀಜಾಣುಗಳಿಗೆ ಕೂದಲಿನಂತಹ ಎರಡು ಬಾಲಗಳಿವೆ. ಕಾಯಿಯ ಮೇಲೆ ತೆಳುವಾದ ನೀರಿನ ಪೊರೆ ಇದ್ದರೆ ಅವು ಅದರಲ್ಲಿ ಈಜಿಕೊಂಡು ಹೋಗಿ ಕಾಯಿಯನ್ನು ಹೊಗುತ್ತವೆ. ನೀರಿಲ್ಲದಿದ್ದರೆ ಈಜಿಲ್ಲ. ನಮ್ಮ ಹಿರಿಯರು ಮಳೆಗೆ ಮೊದಲೇ ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದುದರ ಮರ್ಮ ಇದೇ. ಬೀಜಾಣುವನ್ನು ಅವರು ಕಂಡಿರಲಿಲ್ಲ. ಆದರೆ ನೆನೆಯದ ಗೊನೆ ಕೊಳೆಯುವುದಿಲ್ಲ ಎಂಬುದನ್ನು ಕಂಡಿದ್ದರು.

ಬೋರ್ಡೋ ದ್ರಾವಣ ಹುಟ್ಟಿದ್ದೂ ಇಂಥ ಕಣ್ಣೋಟದಿಂದಲೇ. ಫ್ರಾನ್ಸ್ ದೇಶದ ಬೋರ್ಡೋ ಸೀಮೆಯ ದ್ರಾಕ್ಷಿ ಬೆಳೆಗಾರರು, ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ನೀರನ್ನು ಎರಚುತ್ತಿದ್ದರು. 1882ರಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲಾರ್ಡೆ, ಬೂಜುರೋಗದಿಂದ ತೋಟದೊಳಗಿನ ಬಳ್ಳಿಗಳ ಎಲೆ ಉದುರಿದ್ದರೂ ರಸ್ತೆ ಬದಿಯ ಬಳ್ಳಿಗಳು ಹಸುರಾಗಿರುವುದನ್ನು ಗಮನಿಸಿದರು. ಪ್ರಯೋಗಗಳನ್ನು ನಡೆಸಿ 1885ರಲ್ಲಿ ಫಲಿತಾಂಶ ಪ್ರಕಟಿಸಿದರು. ನಮ್ಮ ನಾಡಿನಲ್ಲಿ, ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಹೊರತಂದರು.

ಎರಡು ಸೇರಿದಾಗ ಏನಾಗುತ್ತದೆ?

ಮೈಲುತುತ್ತ ಎಂದರೆ ತಾಮ್ರದ ಲವಣ. ಬರಿಯ ಮೈಲುತುತ್ತದ ನೀರು ಆಮ್ಲಗುಣದ್ದು. ಸಿಂಪಡಿಸಿದರೆ ಎಲೆ, ಕಾಯಿ ಸುಡುತ್ತವೆ, ಉಳಿದದ್ದು ಮೊದಲ ಮಳೆಗೇ ತೊಳೆದುಹೋಗುತ್ತದೆ. ಸುಣ್ಣ ಸೇರಿದಾಗ ಆಮ್ಲ ಅಡಗಿ, ತಾಮ್ರವು ನೀರಿನಲ್ಲಿ ಸುಲಭವಾಗಿ ಕರಗದ ನೀಲಿ ನುಣುಪು ಕಣಗಳಾಗುತ್ತದೆ. ಇವು ಕಾಯಿಯ ಮೇಲೆ ಒಣಗಿ ಅಂಟಿಕೊಳ್ಳುತ್ತವೆ. ಮಳೆ ಬಂದಾಗ ಇವುಗಳಿಂದ ಅತ್ಯಲ್ಪ ತಾಮ್ರ ಕರಗುತ್ತದೆ. ಬೀಜಾಣುವನ್ನು ಕೊಲ್ಲಲು ಅಷ್ಟೇ ಸಾಕು. ಆದ್ದರಿಂದ ಇದು ರೋಗ ಬಂದ ಮೇಲಿನ ಔಷಧವಲ್ಲ, ಬರುವ ಮೊದಲಿನ ಕಾವಲು.

ಅಡಿಕೆಗೆ ಶೇಕಡಾ 1ರ ದ್ರಾವಣ ಬೇಕು. 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲೂ, 1 ಕಿಲೋ ಸುಣ್ಣವನ್ನು ಬೇರೆ 50 ಲೀಟರ್ ನೀರಿನಲ್ಲೂ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕದಡಬೇಕು. ಕಾಫಿಯ ಎಲೆ ತುಕ್ಕುರೋಗಕ್ಕೆ ಇದರ ಅರ್ಧ ಸಾಂದ್ರತೆ, ಅಂದರೆ ಶೇಕಡಾ 0.5 ಸಾಕು.

ಸುಣ್ಣದ ಪರೀಕ್ಷೆ

ಒಳ್ಳೆಯ ಸುಟ್ಟ ಸುಣ್ಣದ ಹರಳಿಗೆ ನೀರು ಹಾಕಿದರೆ ಭುಸುಗುಟ್ಟಿ ಕಾಯುತ್ತದೆ. ಗಾಳಿಗೆ ತೆರೆದಿಟ್ಟ ಹಳೆಯ ಸುಣ್ಣ ಸುಮ್ಮನಿರುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಅದು ಮತ್ತೆ ಸುಣ್ಣಕಲ್ಲಿನ ಪುಡಿಯೇ ಆಗಿರುತ್ತದೆ. ಮುಚ್ಚಳ ತೆರೆದಿಟ್ಟ ಸುಣ್ಣದ ಡಬ್ಬಿಯಲ್ಲಿ ಮೇಲಿನ ಪದರ ಗಟ್ಟಿಯಾಗುವುದನ್ನು ಎಲೆಯಡಿಕೆ ಹಾಕುವವರೆಲ್ಲರೂ ಬಲ್ಲರು. ಇಂಥ ಸತ್ತ ಸುಣ್ಣವನ್ನು ತೂಕಕ್ಕೆ ಸರಿಯಾಗಿ ಹಾಕಿದರೂ ತಾಮ್ರದ ಒಂದು ಪಾಲು ಹಾಗೆಯೇ ಉಳಿದು ಕಾಯಿಯನ್ನು ಸುಡುತ್ತದೆ.

ಕತ್ತಿಯ ಪರೀಕ್ಷೆ

ಚೆನ್ನಾಗಿ ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಕತ್ತಿಯನ್ನು ಸಿದ್ಧವಾದ ದ್ರಾವಣದಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಅಲಗು ಕೆಂಪಾದರೆ ಅದು ತುಕ್ಕಲ್ಲ, ತಾಮ್ರ. ಕಬ್ಬಿಣವು ತಾಮ್ರಕ್ಕಿಂತ ಚುರುಕಾದ ಲೋಹ. ತಾನು ಕರಗಿ, ಕರಗಿದ್ದ ತಾಮ್ರವನ್ನು ಹೊರದೂಡುತ್ತದೆ. ಹಾಗಾದಲ್ಲಿ ಸುಣ್ಣ ಸಾಲದು ಎಂದೇ ಅರ್ಥ. ಅಲಗು ಕೆಂಪಾಗದವರೆಗೆ ಸುಣ್ಣದ ತಿಳಿಯನ್ನು ಸ್ವಲ್ಪಸ್ವಲ್ಪವೇ ಸೇರಿಸಿ. ತುಕ್ಕು ಹಿಡಿಯದ ಸ್ಟೀಲ್ ಚಾಕುವನ್ನು ಇದಕ್ಕೆ ನಂಬಬೇಡಿ. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದೆನ್ನುವುದೂ ಇದೇ ಕಾರಣಕ್ಕೆ. ದುಡ್ಡು ಕೊಟ್ಟ ತಾಮ್ರ ಪಾತ್ರೆಗೆ ಮೆತ್ತಿಕೊಳ್ಳುತ್ತದೆ, ಪಾತ್ರೆಯೂ ತೂತಾಗುತ್ತದೆ.

ಅರಿಸಿನದ ಪಾಠ

ಆರತಿಯ ತಟ್ಟೆಯಲ್ಲಿ ಅರಿಸಿನದ ನೀರಿಗೆ ಸುಣ್ಣ ಬಿದ್ದೊಡನೆ ಕೆಂಪಾಗುತ್ತದೆ. ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಕ್ಷಾರ ಯಾವುದು, ಆಮ್ಲ ಯಾವುದು ಎಂದು ಅರಿಸಿನ ಹೀಗೆ ಹೇಳುತ್ತದೆ. ಲಿಟ್ಮಸ್ ಕಾಗದದ ಕೆಲಸವೂ ಇದೇ. ಅದರ ಬಣ್ಣವನ್ನು ಮೊದಲು ತೆಗೆದದ್ದು ಕಲ್ಲುಹೂವಿನ ಜಾತಿಯ ಜೀವಿಗಳಿಂದ. ಪೀಪಾಯಿಯಲ್ಲಿ ಅದ್ದಿದ ಕೆಂಪು ಲಿಟ್ಮಸ್ ನೀಲಿಯಾದರೆ ದ್ರಾವಣ ಸುಡುವುದಿಲ್ಲ. ಹಾಗೆಂದು ಸುಣ್ಣವನ್ನು ವಿಪರೀತ ಸುರಿದರೆ ನಳಿಕೆ ಕಟ್ಟುತ್ತದೆ, ತಾಮ್ರದ ಕೆಲಸವೂ ನಿಧಾನವಾಗುತ್ತದೆ.

ಕಲಸಿದ ದ್ರಾವಣವನ್ನು ಅದೇ ದಿನ ಮುಗಿಸಿ. ಮರುದಿನಕ್ಕೆ ಕಣಗಳು ದಪ್ಪನಾಗಿ, ಅಂಟುವ ಗುಣ ಕಳೆದುಕೊಂಡು ತಳ ಸೇರುತ್ತವೆ. ಪೀಪಾಯಿ ತೊಳೆದ ನೀರನ್ನು ಕೆರೆ, ಹಳ್ಳಗಳಿಗೆ ಬಿಡಬೇಡಿ. ತಾಮ್ರ ಮೀನುಗಳಿಗೆ ವಿಷ.

ಮರ ಏರಿ ಔಷಧ ಹೊಡೆಯುವವರು ಸಿಗುವುದೇ ಕಷ್ಟವಾಗಿರುವ ಈ ಕಾಲದಲ್ಲಿ, ಮಳೆಯ ನಡುವೆ ದೊರೆತ ಒಂದು ಒಣ ದಿನವನ್ನು ಕೆಟ್ಟ ದ್ರಾವಣಕ್ಕೆ ಕಳೆದುಕೊಂಡರೆ ವರ್ಷದ ಬೆಳೆಗೇ ಸಂಚಕಾರ. ಆದ್ದರಿಂದ ಪ್ರತಿ ಪೀಪಾಯಿಗೂ ಒಮ್ಮೆ ಕತ್ತಿ ಅದ್ದಿ ನೋಡಿರೆಂದು ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ. ಆ ಹೊತ್ತಿಗೆ ಮನೆಯ ಮಕ್ಕಳನ್ನೂ ಕರೆಯಿರಿ, ದ್ರಾವಣಕ್ಕೆ ಕೈಯಿಕ್ಕದಂತೆ ದೂರ ನಿಲ್ಲಿಸಿ ತೋರಿಸಿ. ಅಲಗು ಏಕೆ ಕೆಂಪಾಯಿತೆಂದು ಅವರು ಕೇಳಿದರೆ ಹೇಳಲು ನಿಮ್ಮಲ್ಲಿ ಉತ್ತರವಿದೆ.