ಮ್ಯೂನಿಕ್‌ನ ರಾಕ್‌ಗೆ ಬೆಂಗಳೂರಿನ ಲೆಕ್ಕ

ಬೆಂಗಳೂರಿನ ರಾಕ್ ಚರಿತ್ರೆ ಹೇಳುವವರು ಗಿಟಾರ್ ಹಿಡಿದ ಹುಡುಗರಿಂದಲೇ ಶುರು ಮಾಡುತ್ತಾರೆ. ಮೃದಂಗದ ಪಾಠಶಾಲೆಯೊಂದಕ್ಕೂ ಅಲ್ಲಿ ಮೊದಲ ಸಾಲಿನಲ್ಲೇ ಜಾಗ ಸಿಗಬೇಕು. ಏಕೆಂದರೆ ಜರ್ಮನಿಯ ಪ್ರಯೋಗಶೀಲ ರಾಕ್ ತಂಡ ಎಂಬ್ರಿಯೊ 1980ರಲ್ಲಿ ಹೊರತಂದ ‘ಲೈಫ್’ ಆಲ್ಬಂನಲ್ಲಿ ಜೊತೆಗೂಡಿದ್ದು ನಮ್ಮೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್.

ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಆ ಶಾಲೆಯನ್ನು ಕಟ್ಟಿದ್ದು 1964ರಲ್ಲಿ. ಕಛೇರಿಯಲ್ಲಿ ಪಕ್ಕಕ್ಕೆ ಕೂರುವ ಮೃದಂಗ, ಘಟ, ಖಂಜಿರಗಳೇ ಅಲ್ಲಿ ಮುಖ್ಯ. ಲಯದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕೊನ್ನಕೋಲಿಗೂ ಅಷ್ಟೇ ಮರ್ಯಾದೆ. ಅವರ ಪತ್ನಿ ಆರ್.ಎ. ರಮಾಮಣಿ ಗಾಯಕಿ, ಸಂಯೋಜಕಿ. ಹ್ಯೂಮನ್ ಬಾಂಡೇಜ್ ಎಂಬ ರಾಕ್ ತಂಡದ ಡ್ರಮ್ಮರ್ ರಮೇಶ್ ಶೋಥಮ್ ತವಿಲ್ ಕಲಿತದ್ದೂ ಇಲ್ಲಿಯೇ.

ಮ್ಯೂನಿಕ್‌ನ ಎಂಬ್ರಿಯೊ 1969ರಲ್ಲಿ ಹುಟ್ಟಿದ ತಂಡ. 1978ರಲ್ಲಿ ಬಸ್ಸು ಹತ್ತಿ ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಭಾರತಕ್ಕೆ ಬಂತು. ದಾರಿಯಲ್ಲಿ ಸಿಕ್ಕ ಕಲಾವಿದರೊಡನೆ ಕೂತು ನುಡಿಸಿತು. ಎಂಬ್ರಿಯೊಗೂ ಕರ್ನಾಟಕ ಸಂಗೀತಕ್ಕೂ ಸಲ್ಲುತ್ತಿದ್ದವರು ಬಾಸ್ಟನ್ ಮೂಲದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ. 1973ರಲ್ಲೇ ಎಂಬ್ರಿಯೊದ ‘ವಿ ಕೀಪ್ ಆನ್’ನಲ್ಲಿ ನುಡಿಸಿದ್ದವರು, ಅದರ ಜೊತೆಗೆ ನಾಗಸ್ವರವನ್ನೂ ಕಲಿತವರು. ‘ಲೈಫ್’ನಲ್ಲಿ ಅವರೂ ಇದ್ದಾರೆ.

ಈ ಕೂಡಿಕೆ ಗಟ್ಟಿಯಾಗಿ ನಿಂತದ್ದಕ್ಕೆ ಲಯದ ಲೆಕ್ಕವೇ ಕಾರಣ ಎನ್ನಿಸುತ್ತದೆ. ಪ್ರೊಗ್ರೆಸಿವ್ ರಾಕ್‌ನವರಿಗೆ ಐದು, ಏಳರ ನಡೆಗಳು ಸಾಹಸದ ಮಾತು. ಲಯದ ವಿದ್ಯಾರ್ಥಿಗೆ ಅದು ದಿನದ ಪಾಠ. ಆದಿತಾಳದ ಎಂಟು ಎಣಿಕೆಗೆ ತಲಾ ನಾಲ್ಕರಂತೆ 32 ಅಕ್ಷರ. ಕೈಯಲ್ಲಿ ತಾಳ ಹಾಕುತ್ತಾ ‘ತಕಿಟ ತಕದಿಮಿ’ ಎಂಬ ಏಳನ್ನು ನಾಲ್ಕು ಸಲ ಹೇಳಿ ನೋಡಿ. ಒಂದೊಂದು ಸುತ್ತೂ ಎಣಿಕೆಯಿಂದ ಜಾರುತ್ತಾ ಹೋಗುತ್ತದೆ, ಕೈ ಒಂದು ಕಡೆ, ಬಾಯಿ ಇನ್ನೊಂದು ಕಡೆ. 28ಕ್ಕೆ ಬಂದಾಗ ಉಳಿದ ನಾಲ್ಕಕ್ಕೆ ಒಂದು ‘ತಕದಿಮಿ’ ಸೇರಿಸಿದರೆ ತಾಳದ ಮೊದಲ ಎಣಿಕೆಯಾದ ಸಮಕ್ಕೆ ಸರಿಯಾಗಿ ಬಂದು ಕೂರುತ್ತದೆ. ಆ ಸೆಳೆತ, ಆ ಬಿಡುಗಡೆಯ ಸುಖಕ್ಕೆ ಭಾಷೆ ಬೇಕಿಲ್ಲ.

ಮುಂದೆ 1983ರ ಫೆಬ್ರವರಿಯಲ್ಲಿ ಮರಿಯಾನೊ ಮತ್ತು ಕಾಲೇಜಿನ ತಂಡ ಜರ್ಮನಿಯ ಲುಡ್ವಿಗ್ಸ್‌ಬುರ್ಗ್‌ನಲ್ಲಿ ‘ಜ್ಯೋತಿ’ ಧ್ವನಿಮುದ್ರಿಸಿತು. ಹೊರತಂದದ್ದು ಇಸಿಎಂ ಸಂಸ್ಥೆ. ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಚಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ. ಇದರಲ್ಲಿ ರಾಕ್‌ನ ಅಬ್ಬರವಿಲ್ಲ. ಹೊಸದಾಗಿ ಕೇಳುವವರಿಗೆ ನಾನು ಮೊದಲು ಕೊಡುವುದು ಇದನ್ನೇ. ಇಲ್ಲಿ ಸ್ಯಾಕ್ಸೊಫೋನ್ ನಮ್ಮ ಲಯದ ಹಿಂದೆ ಹಿಂದೆಯೇ ನಡೆಯುತ್ತದೆ, ಮೇಲೆ ಹತ್ತಿ ಕೂರುವುದಿಲ್ಲ. ಅಲ್ಲಿಂದ ‘ಲೈಫ್’ಗೆ ಹೋದರೆ ಎಂಬ್ರಿಯೊದವರು ಯಾವುದಕ್ಕೆ ಮನಸೋತರೆಂಬುದು ಕಿವಿಗೇ ತಿಳಿಯುತ್ತದೆ.