ಶುಲ್ಕ ಕಟ್ಟಿದ ಮಾತ್ರಕ್ಕೆ ಶಾಲೆ ನಮ್ಮದಾಗುವುದೇ?

ಇಂಗ್ಲೆಂಡಿಗೆ ಬರಲಿರುವ ಕಿರಿಯ ವೈದ್ಯರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ‘ಸರ್, ಮಕ್ಕಳನ್ನು ಯಾವ ಶಾಲೆಗೆ ಸೇರಿಸುವುದು?’ ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ಶಿಕ್ಷಣ ಉಚಿತ. ಬಹುಪಾಲು ಮಕ್ಕಳು ಓದುವುದೂ ಅಲ್ಲಿಯೇ. ಖಾಸಗಿ ಎಂದೊಡನೆ ನಮ್ಮವರಿಗೆ ನೆನಪಾಗುವುದು ಈಟನ್, ಹ್ಯಾರೋ. ಆದರೆ ನೂರಿನ್ನೂರು ಮಕ್ಕಳಷ್ಟೇ ಇರುವ, ದೊಡ್ಡ ಇಡುಗಂಟಿಲ್ಲದ ಸಣ್ಣ ಸ್ವತಂತ್ರ ಶಾಲೆಗಳೂ ಇಲ್ಲಿವೆ.

ನಮ್ಮ ಕಿರಿಯ ಮಗಳಿಗೆ ಮಾತು ತಡವರಿಸುತ್ತಿತ್ತು. ಮೂವತ್ತು ಮಕ್ಕಳ ತರಗತಿಯಲ್ಲಿ ಬಾಯಿಯನ್ನೇ ತೆರೆಯದವಳನ್ನು ಅಂಥದೊಂದು ಶಾಲೆಗೆ ಸೇರಿಸಿದೆವು. ಶುಲ್ಕ ಕಟ್ಟಿದಲ್ಲಿಗೆ ನನ್ನ ಕರ್ತವ್ಯ ಮುಗಿಯಿತೆಂದು ಭಾವಿಸಿದ್ದೆ. ಪೋಷಕರ ಸಭೆಗೂ ಬೇಸಿಗೆಯ ಮೇಳಕ್ಕೂ ಪತ್ನಿಯೇ ಹೋಗುತ್ತಿದ್ದಳು. ನನಗೆ ಆಸ್ಪತ್ರೆಯ ಪಾಳಿಯ ನೆಪ.

2025ರ ಜನವರಿ 1ರಿಂದ ಖಾಸಗಿ ಶಾಲೆಗಳ ಶುಲ್ಕದ ಮೇಲೆ ಶೇ 20ರಷ್ಟು ವ್ಯಾಟ್ ಜಾರಿಗೆ ಬಂತು. ಆ ಹಣ ಸರ್ಕಾರಿ ಶಾಲೆಗಳಿಗೆ ಒದಗಲಿ ಎಂಬುದು ಸರ್ಕಾರದ ವಾದ. ಅದರಲ್ಲಿ ನ್ಯಾಯವಿಲ್ಲವೆಂದು ಹೇಳಲಾರೆ. ಮಲೆನಾಡಿನ ಸರ್ಕಾರಿ ಶಾಲೆಯಲ್ಲಿ ಓದಿಯೇ ನಾನು ವೈದ್ಯನಾದವನು. ಆದರೆ ನಮ್ಮ ಶಾಲೆಯಿಂದ ಕೆಲವು ಕುಟುಂಬಗಳು ಹೊರನಡೆದವು. ‘ಶಾಲೆಯನ್ನು ಮುಚ್ಚಬೇಕಾಗಬಹುದು’ ಎಂಬ ಪತ್ರ ಮನೆಗೆ ಬಂದಾಗ ಮೊದಲ ಬಾರಿಗೆ ನಾನು ಸಭೆಗೆ ಹೋದೆ.

ಅಲ್ಲಿ ಹಿರಿಯರೊಬ್ಬರು ಎದ್ದು ನಿಂತರು. ಅಂಚೆ ಇಲಾಖೆಯಿಂದ ನಿವೃತ್ತರಾದವರು; ಅವರ ಮೊಮ್ಮಕ್ಕಳಾರೂ ಆ ಶಾಲೆಯಲ್ಲಿರಲಿಲ್ಲ. ‘ಪ್ರತಿ ಗುರುವಾರ ಒಬ್ಬಳು ಹುಡುಗಿ ನನಗೆ ಪುಸ್ತಕ ಓದಿ ಹೇಳುತ್ತಾಳೆ. ಮೊದಲು ಒಂದು ಸಾಲಿಗೆ ಹತ್ತು ಬಾರಿ ನಿಲ್ಲುತ್ತಿದ್ದಳು. ಈಗ ಪುಟವಿಡೀ ಓದುತ್ತಾಳೆ. ಪುಸ್ತಕ ಇನ್ನೂ ಮುಗಿದಿಲ್ಲ’ ಎಂದಷ್ಟೇ ಹೇಳಿ ಕುಳಿತರು. ಆ ಹುಡುಗಿ ನನ್ನ ಮಗಳೆಂದು ತಿಳಿಯಲು ನನಗೆ ಕ್ಷಣ ಹಿಡಿಯಿತು. ಮನೆಯ ವೈದ್ಯನಿಗೇ ತಿಳಿಯದ ಚಿಕಿತ್ಸೆಯೊಂದು ಅಲ್ಲಿ ನಡೆದಿತ್ತು.

ಆ ಬಳಿಕ ಲೆಕ್ಕ ಬಲ್ಲ ತಾಯಿಯೊಬ್ಬರು ಸಂಭಾವನೆಯಿಲ್ಲದೆ ಶಾಲೆಯ ಲೆಕ್ಕಪತ್ರ ನೋಡಿದರು. ರೈತರೊಬ್ಬರು ಬೇಲಿ ಸರಿಪಡಿಸಿದರು. ಶಾಲೆಯ ಸಭಾಂಗಣವನ್ನು ಸಂಜೆ ಹೊತ್ತು ಬಾಡಿಗೆಗೆ ಕೊಡಲಾಯಿತು. ಮಳೆಗಾಲಕ್ಕೆ ಮುನ್ನ ನಮ್ಮೂರ ಶಾಲೆಯ ಹೆಂಚು ಸರಿಮಾಡಲು ಅಪ್ಪ ಏಣಿ ಹೊತ್ತು ಹೊರಡುತ್ತಿದ್ದುದು ನನಗೆ ನೆನಪಾಯಿತು.

ಆದರೂ ಅಕ್ಕರೆಯೊಂದರಿಂದಲೇ ಶಿಕ್ಷಕರ ಸಂಬಳ ಹುಟ್ಟದು. ಈ ವರ್ಷ ಶಾಲೆ ಉಳಿದಿದೆ. ಮುಂದಿನ ವರ್ಷದ ಭರವಸೆಯನ್ನು ಯಾರೂ ಕೊಟ್ಟಿಲ್ಲ. ಆದ್ದರಿಂದ ಬರಲಿರುವವರಿಗೆ ನನ್ನ ಸಲಹೆ ಇಷ್ಟು: ಸಣ್ಣ ಶಾಲೆಯನ್ನು ಆರಿಸುವ ಮುನ್ನ ಮಕ್ಕಳ ಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ ವಿಚಾರಿಸಿ. ಅದು ನೋಂದಾಯಿತ ದತ್ತಿ ಸಂಸ್ಥೆಯಾಗಿದ್ದರೆ ಚಾರಿಟಿ ಕಮಿಷನ್ನಿನ ಜಾಲತಾಣದಲ್ಲಿ ಅದರ ಲೆಕ್ಕಪತ್ರ ನೋಡಿ. ವಾರಕ್ಕೊಂದು ಗಂಟೆ ಕೊಡಬಲ್ಲಿರಾ ಎಂದು ನಿಮ್ಮನ್ನೂ ಕೇಳಿಕೊಳ್ಳಿ.

ಮಕ್ಕಳೊಡನೆ ಕೆಲಸ ಮಾಡಲು ಇಲ್ಲಿ ಬೇಕಾದ ಪೂರ್ವಾಪರ ತಪಾಸಣೆಯನ್ನು ನಾನೂ ಮಾಡಿಸಿಕೊಂಡೆ. ಈಗ ಗುರುವಾರದ ಮಧ್ಯಾಹ್ನ ಆ ಹಿರಿಯರ ಪಕ್ಕದ ಕುರ್ಚಿ ನನ್ನದು.