ಡಿಸ್ಚಾರ್ಜ್ ದಿನದ "ಚೆನ್ನಾಗಿ ನೋಡಿಕೊಂಡರು"

ಹೆರಿಗೆ ಆಸ್ಪತ್ರೆಯಿಂದ ಹೊರಡುವ ಬಾಣಂತಿಯನ್ನು "ಇಲ್ಲಿ ಹೇಗೆ ನೋಡಿಕೊಂಡರು?" ಎಂದು ಕೇಳಿದರೆ, ಹೆಚ್ಚಿನಂಶ "ಚೆನ್ನಾಗಿ ನೋಡಿಕೊಂಡರು" ಎಂದೇ ಹೇಳುತ್ತಾಳೆ. ಈ ಮಾತನ್ನು ಆಸ್ಪತ್ರೆಗೆ ಸಿಕ್ಕ ಅಂಕವೆಂದು ಬರೆದುಕೊಳ್ಳುವವರು ಬಹಳ.

ತೃಪ್ತಿಯೆಂದರೆ ಸರಳವಾಗಿ ಇಷ್ಟು: ನಿರೀಕ್ಷಿಸಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ತಾಳೆ. ನಿರೀಕ್ಷೆಯೇ ಕಡಿಮೆಯಿದ್ದರೆ ಸಾಧಾರಣ ಆರೈಕೆಯೂ ತೃಪ್ತಿ ಕೊಡುತ್ತದೆ. "ಸರ್ಕಾರಿ ಆಸ್ಪತ್ರೆಯಲ್ಲಿ ಬೈತಾರೆ" ಎಂದು ಕೇಳಿಸಿಕೊಂಡೇ ಒಳಗೆ ಹೋದವಳಿಗೆ ಯಾರೂ ಬೈಯದಿದ್ದರೆ ಅದೇ ದೊಡ್ಡದು. ಜೊತೆಗೆ ಮಗು ಅತ್ತ ಕ್ಷಣದ ನಿರಾಳವಿದೆ. ಅದು ಹಿಂದಿನ ಹತ್ತು ಗಂಟೆಗಳನ್ನು ಮುಚ್ಚಿಬಿಡುತ್ತದೆ. ಲಸಿಕೆಗೆ ಮತ್ತೆ ಇಲ್ಲಿಗೇ ಬರಬೇಕಲ್ಲ ಎಂಬ ಅಳುಕೂ ಇದೆ, ಅದರಲ್ಲೂ ಪ್ರಶ್ನೆ ಕೇಳುತ್ತಿರುವುದು ಅದೇ ವಾರ್ಡಿನ ಸಿಬ್ಬಂದಿಯಾದರೆ! 1984ರಲ್ಲೇ ಸಂಶೋಧಕಿಯರಾದ ಮೌರೀನ್ ಪೋರ್ಟರ್ ಮತ್ತು ಸ್ಯಾಲಿ ಮ್ಯಾಕಿಂಟೈರ್ ಸ್ಕಾಟ್ಲೆಂಡಿನ ಬಸುರಿಯರಲ್ಲಿ ಇಂಥದ್ದನ್ನೇ ಕಂಡಿದ್ದರು: ಯಾವ ವ್ಯವಸ್ಥೆ ಸಿಕ್ಕಿದೆಯೋ ಅದನ್ನೇ ತಿಳಿದವರು ಯೋಚಿಸಿ ಮಾಡಿದ್ದಾರೆ, ಅದೇ ಒಳ್ಳೆಯದಿರಬೇಕು ಎಂದು ಹೆಂಗಸರು ಒಪ್ಪಿಕೊಳ್ಳುತ್ತಿದ್ದರು. ಈ ವಿಷಯಕ್ಕೆ ಕೈಹಾಕುವ ಪ್ರತಿಯೊಬ್ಬರೂ ಮೊದಲು ಓದಬೇಕಾದ ಪುಟ್ಟ ಬರಹ ಅವರದು.

ಇನ್ನೊಂದು ತಪ್ಪು ತಿಳಿವಳಿಕೆ, ನೋವು ಕಡಿಮೆಯಾದರೆ ತೃಪ್ತಿ ಹೆಚ್ಚು ಎಂಬುದು. 2002ರಲ್ಲಿ ಸಂಶೋಧಕಿ ಎಲೆನ್ ಹಾಡ್ನೆಟ್ ಹೆರಿಗೆಯ ನೋವು, ತೃಪ್ತಿಗಳ ಕುರಿತ 137 ವರದಿಗಳನ್ನು ಒಟ್ಟಿಗಿಟ್ಟು ನೋಡಿದಾಗ ನೋವಿಗಿಂತ ಮೇಲೆ ನಿಂತವು ನಾಲ್ಕು: ತಾಯಿಯ ನಿರೀಕ್ಷೆ, ಸಿಕ್ಕ ಆಸರೆ, ಆರೈಕೆ ಮಾಡುವವರೊಂದಿಗಿನ ಸಂಬಂಧ, ತೀರ್ಮಾನಗಳಲ್ಲಿ ಅವಳ ಪಾಲು.

ಇದನ್ನು ಮುಂಬೈಯ ಜೋಗೇಶ್ವರಿಗೆ ತಂದು ನೋಡೋಣ. ಇಲ್ಲಿನ ಕನ್ನಡದ ಬಸುರಿಯೊಬ್ಬಳು ಪಾಲಿಕೆಯ ಹೆರಿಗೆ ಮನೆಗೆ ಹೋದಳೆನ್ನಿ. ಬಿಪಿ ಏರಿದರೆ ಜುಹೂವಿನ ಕೂಪರ್‌ನಂಥ ದೊಡ್ಡ ಆಸ್ಪತ್ರೆಗೆ ರೆಫರ್ ಮಾಡುತ್ತಾರೆ. ಎಸ್.ವಿ. ರೋಡಿನ ಟ್ರಾಫಿಕ್ಕಿನಲ್ಲಿ ಹೊಟ್ಟೆ ಹಿಡಿದುಕೊಂಡು ಕೂತವಳಿಗೆ ಯಾಕೆ ಕಳಿಸಿದರೆಂದು ಯಾರಾದರೂ ಬಿಡಿಸಿ ಹೇಳಿದ್ದರೇ? ಅಲ್ಲಿ ಹಿಂದಿ, ಮರಾಠಿಯ ನಡುವೆ ಅವಳು "ಅಮ್ಮಾ, ಆಗಲ್ಲ" ಎಂದು ಕನ್ನಡದಲ್ಲಿ ಕೂಗಿದರೆ ತಿರುಗಿ ಮಾತಾಡುವವರು ಇದ್ದಾರೆಯೇ? ಅತ್ತೆ ಬಾಗಿಲ ಹೊರಗೇ ಇರುತ್ತಾಳೆ. ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬರು ಇರಲಿ ಎಂದು ಭಾರತ ಸರ್ಕಾರ 2016ರಲ್ಲೂ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೂ ಹೇಳಿವೆ. 2017ರ ಡಿಸೆಂಬರಿನಲ್ಲಿ ಶುರುವಾದ, ಹೆರಿಗೆ ಕೋಣೆಗಳ ಸುಧಾರಣೆಯ 'ಲಕ್ಷ್ಯ' ಕಾರ್ಯಕ್ರಮ ತಾಯಂದಿರ ತೃಪ್ತಿಯನ್ನೂ ತನ್ನ ಗುರಿಗಳಲ್ಲಿ ಸೇರಿಸಿಕೊಂಡಿದೆ. ಸಂತೋಷ. ಆದರೆ "ತೃಪ್ತಿಯಾಯಿತೇ?" ಎಂದಷ್ಟೇ ಕೇಳಿದರೆ ಸಾಲದು. ಒಳಪರೀಕ್ಷೆಗೆ ಮುಂಚೆ ಹೇಳಿದರೇ, ಪರದೆ ಎಳೆದರೇ, ಹೊಲಿಗೆ ಯಾಕೆ ಹಾಕಿದೆವೆಂದು ತಿಳಿಸಿದರೇ, ಗಂಡು ಮಗುವೆಂದು ಭಕ್ಷೀಸು ಕೇಳಿದರೇ: ಹೀಗೆ ನಡೆದದ್ದನ್ನೇ ಕೇಳಬೇಕು. ಆಗ "ಚೆನ್ನಾಗಿತ್ತು" ಎಂದವಳ ಬಾಯಿಂದಲೇ ಬೇರೆ ಸಂಗತಿಗಳು ಹೊರಬೀಳುತ್ತವೆ.

ಎಲ್ಲಿ, ಯಾವಾಗ ಕೇಳುತ್ತೇವೆಂಬುದೂ ಮುಖ್ಯ. ಮುಂಬೈಯ ಸ್ನೇಹಾ ಸಂಸ್ಥೆ ತಾಯಿ-ಮಗುವಿನ ಆರೋಗ್ಯದ ಕುರಿತು ಕೊಳೆಗೇರಿಗಳಲ್ಲಿ ನಡೆಸಿದ ದೊಡ್ಡ ಅಧ್ಯಯನದ ಆರು ಪಾಲಿಕೆ ವಾರ್ಡುಗಳಲ್ಲಿ, ಜೋಗೇಶ್ವರಿ ಪಶ್ಚಿಮ ಸೇರುವ ಕೆ-ಪಶ್ಚಿಮವೂ ಒಂದು. ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಆ ಅಧ್ಯಯನದಲ್ಲಿ ಹೆರಿಗೆಯಾಗಿ ಆರು ವಾರ ಕಳೆದ ಮೇಲೆ ತಾಯಂದಿರನ್ನು ಮನೆಯಲ್ಲೇ ಮಾತಾಡಿಸುತ್ತಿದ್ದರು. ಒಳ್ಳೆಯ ಕ್ರಮ. ಆದರೂ ನಮ್ಮ ಕನ್ನಡದ ಹೆಂಗಸರು ಇಂಥ ಲೆಕ್ಕದಿಂದ ಸುಲಭವಾಗಿ ಜಾರಿಹೋಗಬಲ್ಲರು. ಮುಂಬೈಯಲ್ಲಿ ಹೆತ್ತು ಬಾಣಂತನಕ್ಕೆ ಉಡುಪಿಗೋ ಕಲಬುರಗಿಗೋ ಹೊರಟವಳು ಆರನೇ ವಾರ ತವರಿನಲ್ಲಿರುತ್ತಾಳೆ. ಜೋಗೇಶ್ವರಿಯ ಮನೆಗೆ ಬೀಗ. ಅವಳನ್ನು ತವರಿನಲ್ಲೇ ಹುಡುಕಿ, ಅವಳ ಮಾತಿನಲ್ಲೇ ಕೇಳಿ ಬರೆದುಕೊಳ್ಳುವ ಕೆಲಸ ನಮ್ಮ ಸಂಶೋಧನಾ ವಿದ್ಯಾರ್ಥಿಗಳಿಗಾಗಿ ಕಾದಿದೆ. ಹೆರಿಗೆ ಕೋಣೆಯ ಕನ್ನಡವನ್ನು ಬಲ್ಲ ನರ್ಸಿಂಗ್ ಓದಿದವರು ಇದನ್ನು ಕೈಗೆತ್ತಿಕೊಂಡರೆ ಇನ್ನೂ ಒಳ್ಳೆಯದು.